ಕಲಶಕ್ಕೆ ಬಿದ್ದ ಜೆಕ್ ನಾಣ್ಯಗಳು

ಇಂದುಮತಿಯ ಶನಿವಾರವನ್ನು ಹಾಳುಮಾಡಿದ್ದು ಒಂದೇ ಒಂದು ‘ಹೂಂ’.

ಅಜ್ಜಿಯ ಮಗ್ಗುಲಲ್ಲಿ ಕತೆ ಕೇಳುತ್ತ ಬೆಳೆದವಳು ಅವಳು. ಹೂಂಗುಟ್ಟುವುದನ್ನು ನಿಲ್ಲಿಸಿದರೆ ಅಜ್ಜಿ ರಾಜಕುಮಾರನನ್ನು ನಡುಕಾಡಿನಲ್ಲೇ ಬಿಟ್ಟು ಗೊರಕೆ ಹೊಡೆಯುತ್ತಿದ್ದಳು. ಹಾಗಾಗಿ ಎದುರಿಗೆ ಯಾರು ಬಾಯಿ ತೆರೆದರೂ ಹೂಂ ಅನ್ನುವುದು ಇಂದುಮತಿಗೆ ಉಸಿರಾಟದಷ್ಟೇ ಸಹಜ. ಕೇಳಿಸಿಕೊಳ್ಳುವುದು ಬೇರೆ ಮಾತು. ಈ ಗುಣದಿಂದಲೇ ಸ್ವೀಡನ್ನಿನ ಓರೆಬ್ರೂ ಊರಿನ ಆಸ್ಪತ್ರೆಯ ಲ್ಯಾಬಿನಲ್ಲಿ ಎಲ್ಲರ ಕ್ರಿಸ್‌ಮಸ್ ಡ್ಯೂಟಿಯೂ ಅವಳ ಕೊರಳಿಗೇ ಬೀಳುತ್ತಿತ್ತು.

2017ರ ಜುಲೈನ ಆ ಬೆಳಗ್ಗೆ ಮೇಲಿನ ಮನೆಯ ಸುಲೋಚನಾ ಬಾಗಿಲಲ್ಲಿ ನಿಂತು ಏನೋ ಕೇಳಿದಳು. ಬಾಯಲ್ಲಿ ಬ್ರಷ್ಷು, ತಲೆಯಲ್ಲಿ ಜೆಕೊಸ್ಲೊವಾಕಿಯಾ ಇಟ್ಟುಕೊಂಡಿದ್ದ ಇಂದುಮತಿ ಹೂಂ ಅಂದಳು. ಸುಲೋಚನಾ ಒಳಗೆ ಬಂದು ಏನೋ ತೆಗೆದುಕೊಂಡು ಹೋದಳು.

ಜೆಕೊಸ್ಲೊವಾಕಿಯಾದ ಕಮ್ಯುನಿಸ್ಟ್ ಸರ್ಕಾರ 1953ರಲ್ಲಿ ಏಕಾಏಕಿ ಹಳೆಯ ದುಡ್ಡನ್ನು ರದ್ದುಮಾಡಿ ಹೊಸದನ್ನು ತಂದಿತ್ತು. ಅಲ್ಯೂಮಿನಿಯಮ್ಮಿನ ಹಗುರ ಬಿಲ್ಲೆಗಳು: ಒಂದು, ಮೂರು, ಐದು, ಹತ್ತು, ಇಪ್ಪತ್ತೈದು ಹೆಲ್ಲರ್, ಅಂದರೆ ಅಲ್ಲಿನ ಪೈಸೆ. ಮೂರರದ್ದೊಂದು ಬಿಟ್ಟು ಉಳಿದ ನಾಲ್ಕೂ ಹಳೆಯ ನಾಣ್ಯ ಕೂಡಿಡುವ ಇಂದುಮತಿಯ ಬಳಿ ಇದ್ದವು. ಆನ್‌ಲೈನಿನಲ್ಲಿ ಹುಡುಕಿದರೆ ಒಂದು ಕಾಫಿಯ ಬೆಲೆಗೆ ಅದೂ ಸಿಗುತ್ತಿತ್ತು. ಆದರೆ ಕೊರಿಯರ್‌ನಲ್ಲಿ ಬಂದದ್ದನ್ನು ನಿಧಿ ಅನ್ನುವುದು ಹೇಗೆ? ನಿಧಿಗೊಬ್ಬ ಮುದುಕ ಬೇಕು, ಅವನದೊಂದು ಷರತ್ತು ಬೇಕು.

ಮುದುಕ ಸಿಕ್ಕಿದ್ದ. ಪ್ರಾಗ್‌ನಿಂದ ಬಂದು ಇಲ್ಲೇ ನೆಲೆಸಿದ್ದ ಮಿಲೋಶ್. ಷರತ್ತನ್ನೂ ಹಾಕಿದ್ದ: “ನಿನ್ನ ನಾಲ್ಕನ್ನೂ ತಂದು ತೋರಿಸು, ಮೂರರದ್ದು ನಿನಗೆ ಕೊಟ್ಟುಬಿಡ್ತೀನಿ.” ಇವತ್ತು ಮಧ್ಯಾಹ್ನ ಎರಡಕ್ಕೆ, ಕೋಟೆಯೆದುರಿನ ಕಾಫಿ ಅಂಗಡಿಯಲ್ಲಿ. ಸಂಜೆಯ ವಿಮಾನಕ್ಕೆ ಅವನು ಪ್ರಾಗ್‌ನ ಮಗಳ ಮನೆಗೆ ಹೊರಟುಬಿಡುವವನು, ಮತ್ತೆ ಬರುವವನಲ್ಲ.

ಹನ್ನೊಂದರ ಹೊತ್ತಿಗೆ ಸ್ನಾನ ಮುಗಿಸಿ ನೋಡಿದರೆ ಕಿಟಕಿಯಲ್ಲಿದ್ದ ನಾಣ್ಯದ ಡಬ್ಬಿ ಖಾಲಿ. ಇಂದುಮತಿ ಒದ್ದೆ ಕೂದಲಲ್ಲೇ ಮೇಲಕ್ಕೆ ಓಡಿದಳು. ಅಲ್ಲಿ ಸತ್ಯನಾರಾಯಣ ಪೂಜೆ ಜೋರಾಗಿತ್ತು.

“ಅಕ್ಕ, ನನ್ನ ನಾಣ್ಯ...”

“ಕಲಶದಲ್ಲಿದೆ ಕಣೇ. ನಿನ್ನ ಕೇಳೇ ತಗೊಂಡೆನಲ್ಲ,” ಎಂದಳು ಸುಲೋಚನಾ. “ಈ ದೇಶದಲ್ಲಿ ಬಸ್ಸಿಂದ ಬಾಳೆಹಣ್ಣಿನವರೆಗೂ ಕಾರ್ಡು. ಮನೇಲಿದ್ದ ಹಳೇ ಕ್ರೋನಾ ನಾಣ್ಯಾನೂ ಹೋದ ತಿಂಗಳು ರದ್ದಾಯ್ತು. ರದ್ದಾದ ದುಡ್ಡು ದೇವರಿಗಿಡೋಕಾಗುತ್ತಾ?”

“ಇದೂ ರದ್ದಾಗಿ ಎಷ್ಟೋ ವರ್ಷ ಆಯ್ತಕ್ಕ.”

“ಅದು ಈ ದೇಶದಲ್ಲಿ ಅಲ್ವಲ್ಲ.”

ಇಂದುಮತಿ ಕಲಶದ ಕಡೆ ಕೈಚಾಚಿದಳು. ವಾರವಿಡೀ ವಿಶ್ವವಿದ್ಯಾಲಯದಲ್ಲಿ ಕಂಪ್ಯೂಟರ್ ಪಾಠ ಹೇಳಿ ಶನಿವಾರ ಮಾತ್ರ ಪಂಚೆಯುಡುವ ಶಿವಪ್ರಸಾದ ಭಟ್ಟರು ಗಂಟೆಯನ್ನೇ ಅಡ್ಡ ಹಿಡಿದರು. “ಆವಾಹನೆ ಆಗಿದೆ ತಾಯಿ. ಪೂಜೆ ಮುಗಿಯೋವರೆಗೂ ಕದಲಿಸೋ ಹಾಗಿಲ್ಲ. ಕೂತ್ಕೊಳ್ಳಿ, ಇನ್ನೇನು, ಐದೇ ಅಧ್ಯಾಯ.”

ಇಂದುಮತಿ ಕೂತಳು. ಕತೆಯಲ್ಲಿ ವರ್ತಕನ ಹಡಗಿನ ಧನವೆಲ್ಲ ಸೊಪ್ಪುಸದೆಯಾದಾಗ ಅವಳಷ್ಟು ಮನಸಾರೆ ನಿಟ್ಟುಸಿರಿಟ್ಟವರು ಆ ಕೋಣೆಯಲ್ಲಿ ಇನ್ನೊಬ್ಬರಿರಲಿಲ್ಲ. ಭಕ್ತಿಯೆಂದರೆ ಇದು ಎಂದುಕೊಂಡ ಸುಲೋಚನಾಳ ಅತ್ತೆ ವಸಂತಿಯಮ್ಮ ಹತ್ತಿರ ಸರಿದು ಪಿಸುಗುಟ್ಟಿದರು: “ಏನು ಕಪ್ಪು ಹಿಡಿದಿದ್ವೇ ನಿನ್ನ ನಾಣ್ಯ. ಹುಣಸೆಹಣ್ಣು, ಉಪ್ಪು ಹಾಕಿ ಗಸಗಸ ಉಜ್ಜಿದೆ ನೋಡು, ಬೆಳ್ಳಿ ತರ ಆಯ್ತು.”

ನಾಣ್ಯ ಕೂಡಿಡುವವರ ಮೊದಲ ಪಾಠವೇ ತೊಳೆಯಬಾರದೆಂಬುದು. ಕಾಲ ಕೂರಿಸಿದ ಕಪ್ಪೇ ಅದರ ಕುಲಗೋತ್ರ. ವಸಂತಿಯಮ್ಮ ಅರ್ಧ ಶತಮಾನವನ್ನು ಬಚ್ಚಲಿಗೆ ಬಿಟ್ಟಿದ್ದರು.

ಮಂಗಳಾರತಿ ಮುಗಿದು ನಾಣ್ಯ ಕೈಗೆ ಬಂದಾಗ ಒಂದೂ ಮುಕ್ಕಾಲು. ಬಾಗಿಲಿಗೆ ಓಡಿದವಳನ್ನು ವಸಂತಿಯಮ್ಮ ತಡೆದರು. “ಪ್ರಸಾದ ಬಿಟ್ಟು ಹೋದ್ರೆ ಏನಾಗುತ್ತೆ ಅಂತ ಈಗ ತಾನೇ ಕೇಳಿದ್ಯಲ್ಲ.” ಸಜ್ಜಿಗೆಯನ್ನು ಮಾತ್ರೆಯಂತೆ ನುಂಗಿ ಇಂದುಮತಿ ಬಸ್ಸು ಹಿಡಿದಳು. ಹೇಗಾದರೂ ಮಸುಕು ಮಾಡೋಣವೆಂದು ನಾಣ್ಯಗಳನ್ನು ತಲೆಗೂದಲಿಗೆ ತಿಕ್ಕಿದಳು, ಶೂ ಅಟ್ಟೆಗೆ ಉಜ್ಜಿದಳು. ಅವು ಮದುಮಗನ ಹಾಗೆ ಇನ್ನಷ್ಟು ಮಿಂಚಿದವು. ಪಕ್ಕದಲ್ಲಿದ್ದ ಸ್ವೀಡಿಷ್ ಹೆಂಗಸು ಎದ್ದು ಹಿಂದಿನ ಸೀಟಿಗೆ ಹೋದಳು.

ಮಿಲೋಶ್ ಕೋಟು ತೊಟ್ಟು, ಸೂಟ್‌ಕೇಸನ್ನು ಕಾಲಿಗೆ ಆನಿಸಿಕೊಂಡು ಕಾಯುತ್ತಿದ್ದ. ಕಾಗದದ ಕರವಸ್ತ್ರದ ಮೇಲೆ ಮೂರು ಹೆಲ್ಲರ್ ಕೂತಿತ್ತು. ಇಂದುಮತಿ ಮುಷ್ಟಿ ಬಿಚ್ಚಿದಳು.

“ಏನು ಮಾಡಿದೆ ಇದಕ್ಕೆ?”

ಅವಳು ತನ್ನ ಹರಕು ಸ್ವೀಡಿಷ್‌ನಲ್ಲಿ ಎಲ್ಲ ಒಪ್ಪಿಸಿದಳು: ದೇವರು, ತಂಬಿಗೆ, ನೆರೆಯವಳ ಅತ್ತೆ, ಹೆಸರು ಗೊತ್ತಿಲ್ಲದೊಂದು ಹುಳಿಹಣ್ಣು. ಬೈಗುಳಕ್ಕೆ ತಲೆ ತಗ್ಗಿಸಿ ನಿಂತಳು.

ಬೈಗುಳ ಬರಲಿಲ್ಲ. ಮಿಲೋಶ್ ಕನ್ನಡಕ ತೆಗೆದು ಕಣ್ಣೊರೆಸಿಕೊಳ್ಳುತ್ತಿದ್ದ.

“ಹೊಸ ದುಡ್ಡು ಬಂದಾಗ ನನಗೆ ಏಳು ವರ್ಷ. ಅಮ್ಮ ಕೂಡಿಟ್ಟಿದ್ದೆಲ್ಲ ಕಸ ಆಗಿತ್ತು. ಅವಳು ಅಡುಗೆಮನೇಲಿ ಅಳ್ತಾ ಇದ್ದಳು. ನನಗೇನು ಗೊತ್ತು, ಹೊರಗೆ ಬಿಸಿಲಲ್ಲಿ ಹೊಸ ನಾಣ್ಯ ತಿರುಗಿಸ್ತಾ ಕೂತಿದ್ದೆ. ಹೀಗೇ ಹೊಳೀತಿತ್ತು. ಆಮೇಲೆ ನೋಡಿದ್ದೆಲ್ಲ ಕಪ್ಪು ಹಿಡಿದಿದ್ದೇ. ಅದಕ್ಕೇ ಈ ಮೂರರದ್ದನ್ನೂ ನಿನಗೆ ಕೊಟ್ಟುಬಿಡೋಣ ಅನ್ನಿಸಿತ್ತು.”

ಅವನು ಐದನ್ನೂ ಕರವಸ್ತ್ರದ ಮೇಲೆ ಸಾಲಾಗಿ ಜೋಡಿಸಿದ. ಇಂದುಮತಿಯ ಜೀವಮಾನದಲ್ಲಿ ಮೊದಲ ಸಲ ಐದೂ ಒಟ್ಟಿಗಿದ್ದವು.

“ಮಗು,” ಎಂದ ಮಿಲೋಶ್, “ಇವನ್ನ ನನಗೆ ಕೊಡ್ತೀಯಾ?”

ಈ ಮಾತನ್ನು ಇಂದುಮತಿ ಪೂರ್ತಿ ಕೇಳಿಸಿಕೊಂಡಿದ್ದಳು. ಒಂದೊಂದನ್ನೂ ಬೆರಳಲ್ಲಿ ಮುಟ್ಟಿ ಎಣಿಸಿದಳು. ಆಮೇಲೆ ಕರವಸ್ತ್ರದ ನಾಲ್ಕೂ ಮೂಲೆ ಮಡಚಿ ಅವನ ಕೋಟಿನ ಜೇಬಿಗೆ ತಾನೇ ಹಾಕಿದಳು. ಬಸ್‌ಸ್ಟಾಪಿನವರೆಗೆ ಸೂಟ್‌ಕೇಸನ್ನೂ ಎಳೆದುಕೊಟ್ಟಳು.

ನದಿಯ ದಂಡೆಯಲ್ಲಿ ಸುಮ್ಮನೆ ಸುತ್ತಿ ಸಂಜೆ ಮನೆಗೆ ಬಂದರೆ, ಮೆಟ್ಟಿಲಲ್ಲಿ ಸುಲೋಚನಾ.

“ಏನೇ, ಸೆಟ್ಟು ಪೂರ್ತಿ ಆಯ್ತಾ?”

“ಆಯ್ತಕ್ಕ. ಐದೂ ಸೇರಿದ್ವು.”

“ನಮ್ಮತ್ತೆ ಉಜ್ಜಿದ್ದು ಸಾರ್ಥಕ ಆಯ್ತು ಬಿಡು. ಎಲ್ಲಿ, ತೋರ್ಸು.”

ಇಂದುಮತಿ ಮೆಟ್ಟಿಲ ಕಿಟಕಿಯಿಂದ ಆಕಾಶ ನೋಡಿದಳು.

“ಈಗ ಸಮುದ್ರ ದಾಟ್ತಾ ಇರ್ಬೇಕು,” ಎಂದಳು.