ಗುಡ್ಡದ ಬಸ್ಸನ್ನು ಕೆಳಗಿನವರಿಗೆ ಕೊಟ್ಟ ಸ್ವತಂತ್ರ ಅಭ್ಯರ್ಥಿಯ ಕುರಿತು

ಫರ್ನ್ ರಿಜ್ ಕನ್ನಡ ಬಳಗ, ಇಸ್ಸಾಕ್ವಾ, ಅಮೆರಿಕ
ಶಿಸ್ತು ಮತ್ತು ಶಿಷ್ಟಾಚಾರ ವಿಭಾಗ
ಕಚೇರಿ: ಅಧ್ಯಕ್ಷರ ಮನೆಯ ಗ್ಯಾರೇಜು (ಕಾರು ಹೊರಗಿರುವ ವೇಳೆಯಲ್ಲಿ ಮಾತ್ರ)

ಸುತ್ತೋಲೆ ಸಂಖ್ಯೆ: ಫರಿಕಬ/ಶಿಶಿ/ಚುನಾವಣೆ/03/2025–26
ದಿನಾಂಕ: 2 ಫೆಬ್ರವರಿ 2026

ವಿಷಯ: ಶಾಲಾ ಮಂಡಳಿಯ ಚುನಾವಣೆಗೆ ಬಳಗವನ್ನು ಕೇಳದೆ ಸ್ವತಂತ್ರವಾಗಿ ನಿಂತ ಸದಸ್ಯೆ ಶ್ರೀಮತಿ ವೈಶಾಲಿ ಬಳಿಗಾರ ಅವರ ನಡವಳಿಕೆ, ಹಾಗೂ ಮುಂದೆ ಯಾರೂ ಹೀಗೆ ನಿಲ್ಲದಂತೆ ಪಾಲಿಸಬೇಕಾದ ನಿಯಮಗಳ ಬಗ್ಗೆ.

ಉಲ್ಲೇಖ: 1) ಬಳಗದ ವಾಟ್ಸಾಪ್ ಗುಂಪಿನಲ್ಲಿ ಸದರಿ ಸದಸ್ಯೆಯ ಬಗ್ಗೆ ಹಾಕಿ ಅಳಿಸಲಾದ ಸಂದೇಶ (ಅಳಿಸುವ ಮುನ್ನ ಎಲ್ಲರೂ ಓದಿದ್ದಾರೆ). 2) ಕಾರ್ಯದರ್ಶಿ ಶ್ರೀ ಕೇಶವ ಅವರು ಇಸ್ಸಾಕ್ವಾದ ಅಂಗಡಿಯೊಂದರ ಪಾರ್ಕಿಂಗ್‌ನಲ್ಲಿ ನೀಡಿದ ಮೌಖಿಕ ದೂರು.

ಪ್ರಸ್ತಾವನೆ

ಇಸ್ಸಾಕ್ವಾದ ಆಚೆ ಗುಡ್ಡದ ಮೇಲಿರುವ ನಮ್ಮ ಫರ್ನ್ ರಿಜ್ ಬಡಾವಣೆಯಿಂದ ಮಿಡ್ಲ್ ಸ್ಕೂಲಿಗೆ ಹೋಗುತ್ತಿದ್ದ ಹಳದಿ ಬಸ್ಸನ್ನು ಶಾಲಾ ಮಂಡಳಿಯು ಖರ್ಚಿನ ಕಾರಣ ಹೇಳಿ ನಿಲ್ಲಿಸಿತು. ಬಳಗದ ಸದಸ್ಯರೆಲ್ಲರೂ ತೀವ್ರವಾಗಿ ನೊಂದು, ವಾಟ್ಸಾಪ್‌ನಲ್ಲಿ ಕೈಮುಗಿದ ಚಿತ್ರಗಳನ್ನು ಹಾಕಿ, ತಂತಮ್ಮ ಮಕ್ಕಳನ್ನು ತಂತಮ್ಮ ಕಾರಿನಲ್ಲಿ ಬಿಟ್ಟುಬರತೊಡಗಿದರು. ವಿಷಯವು ಅಲ್ಲಿಗೆ ಗೌರವಯುತವಾಗಿ ಮುಗಿದಿತ್ತು.

ಹೀಗಿರುವಾಗ, ಗದಗ ಮೂಲದವರೂ ಓವರ್‌ಲೇಕ್‌ನ ಕಂಪನಿಯೊಂದರಲ್ಲಿ ಸಾಫ್ಟ್‌ವೇರ್ ಪರೀಕ್ಷಿಸುವ ಕೆಲಸದಲ್ಲಿರುವವರೂ ಆದ ವೈಶಾಲಿ ಅವರು ಮಂಡಳಿಯ ಸಭೆಗೇ ಹೋಗಿ ಬಸ್ಸಿನ ಬಗ್ಗೆ ಮಾತನಾಡಿದರು. ಮಾತಿನ ನಡುವೆ ಮಂಡಳಿಯ ಹಿರಿಯ ಸದಸ್ಯರೊಬ್ಬರು ಆಕಳಿಸಿದರು. ಸದರಿ ಆಕಳಿಕೆಯನ್ನು ಮನಸ್ಸಿಗೆ ಹಚ್ಚಿಕೊಂಡ ವೈಶಾಲಿ ಅವರು, ಅದೇ ಹಿರಿಯರ ಸ್ಥಾನಕ್ಕೆ ನಾಮಪತ್ರ ಸಲ್ಲಿಸಿದರು. ಆದ ಕಾರಣ ಈ ಸುತ್ತೋಲೆ.

ನಿಯಮಗಳು

1. ನಾಮಪತ್ರ ಸಲ್ಲಿಸಿದ ಸುದ್ದಿಯನ್ನು ವೈಶಾಲಿ ಅವರು ಮೊದಲು ತಮ್ಮ ಪತಿ ಅಭಯ ಅವರಿಗೂ, ಜತೆಯಲ್ಲಿರುವ ಅತ್ತೆ ಶಾಂತವ್ವ ಅವರಿಗೂ ಊಟದ ಹೊತ್ತಿನಲ್ಲಿ ತಿಳಿಸಿದರು. ಬಳಗಕ್ಕೆ ತಿಳಿದದ್ದು ರಸ್ತೆ ಬದಿಯ ಫಲಕದಿಂದ. ಇನ್ನು ಮುಂದೆ ಯಾವುದೇ ಸದಸ್ಯರು ಚುನಾವಣೆಗೆ ನಿಲ್ಲುವ ಆಲೋಚನೆ ಬರುವುದಕ್ಕೆ ಕನಿಷ್ಠ ಒಂದು ತಿಂಗಳು ಮುಂಚಿತವಾಗಿ ವಿಭಾಗಕ್ಕೆ ತಿಳಿಸತಕ್ಕದ್ದು.

2. ಶಾಲಾ ಮಂಡಳಿಯ ಚುನಾವಣೆಗೆ ಕಾಗದದ ಮೇಲೆ ಪಕ್ಷವಿಲ್ಲ. ಕಾಗದದ ಹೊರಗೆ ಎರಡೂ ಪಕ್ಷದವರು ತಮ್ಮವರು ಯಾರೆಂದು ಸಾರುತ್ತಾರೆ. ಎರಡೂ ಕಡೆಯವರು ವೈಶಾಲಿ ಅವರ ಮನೆಗೆ ಬಂದು ಚಹಾ ಕುಡಿದು ಹೋದರು. ಇಬ್ಬರಿಗೂ ಅವರು ಒಲ್ಲೆ ಎಂದರು. ಬಳಗದ ಹಿತದೃಷ್ಟಿಯಿಂದ ಕೇಶವ ಅವರು ಬುದ್ಧಿ ಹೇಳಿದ್ದು ಹೀಗೆ:

“ಯಾವ್ದಾದ್ರೂ ಒಂದು ಕಡೆ ಸೇರ್ಕೊಂಡ್ಬಿಡಿ ವೈಶಾಲಿಯವ್ರೇ. ಇಲ್ಲಾಂದ್ರೆ ಎರಡೂ ಕಡೆಯವ್ರು ಬೈತಾರೆ.”

“ಬೈಲಿ ಬಿಡ್ರಿ ಸರ್. ಈ ಕಡೆ ಸೇರಿದ್ರ ಆ ಕಡೆಯವರ ಮಕ್ಕಳು ಬಸ್ ಹತ್ತಂಗಿಲ್ಲೇನು?”

ಈ ಉತ್ತರವು ಉತ್ತರವಲ್ಲವೆಂದು ವಿಭಾಗವು ತೀರ್ಮಾನಿಸಿದೆ. ಸ್ವತಂತ್ರವಾಗಿ ನಿಲ್ಲುವವರು ತಮ್ಮ ಸ್ವಾತಂತ್ರ್ಯವು ಯಾವ ಕಡೆಯದೆಂಬುದನ್ನು ಎರಡು ಪ್ರತಿಗಳಲ್ಲಿ ಬರೆದುಕೊಡತಕ್ಕದ್ದು.

3. ಗಣೇಶನ ಹಬ್ಬದ ಕಾರ್ಯಕ್ರಮದಲ್ಲಿ ವೇದಿಕೆ ಮೇಲೆ ನಾಲ್ಕು ಮಾತು ಆಡಲು ವೈಶಾಲಿ ಅವರು ಅವಕಾಶ ಕೋರಿದರು. ಬಳಗದ ವೇದಿಕೆಯು ರಾಜಕೀಯದಿಂದ ದೂರವಿರುವುದರಿಂದ ಕೋರಿಕೆಯನ್ನು ತಿರಸ್ಕರಿಸಲಾಯಿತು. ಅದೇ ವೇದಿಕೆಯಲ್ಲಿ ಪ್ರಾಯೋಜಕರಾದ ಮನೆ ಮಾರಾಟದ ಏಜೆಂಟರು, ಮಕ್ಕಳ ನೃತ್ಯವನ್ನು ಮುಂದಕ್ಕೆ ಹಾಕಿಸಿ, ಬಡ್ಡಿದರದ ಕುರಿತು ಉಪನ್ಯಾಸ ನೀಡಿದರು. ಮಾರುವವರ ಮಾತು ರಾಜಕೀಯವಲ್ಲವೆಂದು ಈ ಮೂಲಕ ಸ್ಪಷ್ಟಪಡಿಸಲಾಗಿದೆ.

ತದನಂತರ ಅವರು ಬಿಸಿಬೇಳೆಬಾತಿನ ಸಾಲಿನಲ್ಲಿ ತಟ್ಟೆ ಹಿಡಿದು ನಿಂತವರ ಬಳಿ ಮತ ಕೇಳುತ್ತ ಹೋದರು. ಸಾಲಿನಲ್ಲಿದ್ದ ಎಲ್ಲರೂ “ನಮ್ ಸಪೋರ್ಟು ನಿಮಗೇ” ಎಂದರು. ವಿಚಾರಿಸಲಾಗಿ, ಹೆಚ್ಚಿನವರಿಗೆ ಇನ್ನೂ ಪೌರತ್ವವಿಲ್ಲ, ಆದ್ದರಿಂದ ಮತವಿಲ್ಲ. ಮತವಿದ್ದ ಕೆಲವರು ಚುನಾವಣೆ ಯಾವಾಗ ಎಂದು ಕೇಳಿದರು. ಹಪ್ಪಳ ಕೈಗೆ ಬರುವವರೆಗೆ ನೀಡಿದ ಆಶ್ವಾಸನೆಗಳು ಹಪ್ಪಳ ಬಂದ ಕೂಡಲೇ ಊರ್ಜಿತವಲ್ಲ ಎಂದು ತಿಳಿಯತಕ್ಕದ್ದು.

4. ಮನೆಮನೆ ಪ್ರಚಾರ. ಗುಡ್ಡದ ಮನೆಗಳಲ್ಲಿ ಬಾಗಿಲು ತೆರೆಯುವ ಪದ್ಧತಿ ಇಲ್ಲ. ವೈಶಾಲಿ ಅವರು ಮನೆಗಂಟೆಯ ಕ್ಯಾಮೆರಾಗಳ ಮುಂದೆ ನಿಂತು ಭಾಷಣ ಮಾಡಿದರು. ಒಂದು ಮನೆಯ ಗಂಟೆಯು “ಪಾರ್ಸೆಲ್ ಅಲ್ಲೇ ಇಟ್ಟು ಹೋಗಿ” ಎಂದಿತು. ಮನೆಯಲ್ಲಿ ಒಬ್ಬರೇ ಕೂತು ಬೇಸರವಾಗುತ್ತದೆಂದು ಅತ್ತೆ ಶಾಂತವ್ವ ಅವರೂ ಜತೆಗೆ ಹೋಗುತ್ತಿದ್ದರು. ಮೊಣಕಾಲು ನೋವಿನಿಂದ ಅವರು ಕಂಡವರ ಮೆಟ್ಟಿಲ ಮೇಲೆ ಕುಳಿತುಬಿಡುತ್ತಿದ್ದರು. ಮೆಟ್ಟಿಲ ಮೇಲೆ ಮುದುಕಿಯೊಬ್ಬರು ಕುಳಿತಿರುವುದನ್ನು ಕ್ಯಾಮೆರಾದಲ್ಲಿ ಕಂಡ ಮನೆಯವರು ಗಾಬರಿಯಿಂದ ಬಾಗಿಲು ತೆರೆಯತೊಡಗಿದರು. ಹೀಗೆ ತೆರೆದ ಬಾಗಿಲುಗಳನ್ನು ಅಕ್ರಮವೆಂದು ಪರಿಗಣಿಸಲಾಗಿದೆ.

ಅಲ್ಲದೆ ಶಾಂತವ್ವ ಅವರು, ಒಂದು ಓಣಿ ಮುಗಿದ ಮೇಲೆ, ಸೊಸೆಗೆ ಈ ಕೆಳಕಂಡಂತೆ ಹೇಳಿರುತ್ತಾರೆ: “ಬಾಗಲಾ ಬಡದಿ, ನಿನ್ನ ಹೆಸರ ಹೇಳಿದಿ, ಕಾಗದಾ ಕೊಟ್ಟಿ. ಅವರ ಹೆಸರ ಕೇಳಿದ್ಯೇನವ್ವಾ?”

ಅಂದಿನಿಂದ ವೈಶಾಲಿ ಅವರು ತಾವು ಮಾತನಾಡುವುದನ್ನು ಕಡಿಮೆ ಮಾಡಿ ಕೇಳುವುದನ್ನು ಹೆಚ್ಚಿಸಿದರು. ಪ್ರವಾಸಿ ವೀಸಾದ ಮೇಲೆ ಬಂದು ಅವಧಿ ವಿಸ್ತರಿಸಿಕೊಂಡಿರುವ ಅತ್ತೆಯಂದಿರು ರಾಜಕೀಯ ಸಲಹೆ ನೀಡತಕ್ಕದ್ದಲ್ಲ. ಸಲಹೆ ಸರಿಯಾಗಿದ್ದಲ್ಲಿ ಖಂಡಿತ ನೀಡತಕ್ಕದ್ದಲ್ಲ.

5. ಕೇಳುತ್ತ ಹೋದದ್ದರಿಂದ ಆದ ಅನಾಹುತ: ಇಬ್ಬರೂ ಗುಡ್ಡ ಇಳಿದು, ಹೆದ್ದಾರಿ ಪಕ್ಕದ ಅಪಾರ್ಟ್‌ಮೆಂಟುಗಳಿಗೆ ಹೋದರು. ಅಲ್ಲಿಗೆ ಬಳಗದವರು ಯಾರೂ ಹೋದದ್ದಿಲ್ಲ. ಬೇಕರಿಯಲ್ಲಿ ಕೆಲಸ ಮಾಡುವ ಮರಿಸೋಲ್ ಎಂಬ ತಾಯಿ ಬಾಗಿಲು ತೆರೆದು ಒಳಗೆ ಕರೆದರು. ಅವರ ಮಕ್ಕಳ ಬಸ್ಸೂ ನಿಂತಿತ್ತು. ಮನೆಯಲ್ಲಿ ಕಾರಿರಲಿಲ್ಲ. ಬೆಳಕು ಹರಿಯುವ ಮುನ್ನವೇ ಅವರು ಕೆಲಸಕ್ಕೆ ಹೋಗಬೇಕು. ಮಕ್ಕಳಿಬ್ಬರು ಹೆದ್ದಾರಿಯ ಅಂಚಿನಲ್ಲಿ ಲಾರಿಗಳ ಗಾಳಿಗೆ ಬದಿಗೆ ಸರಿಯುತ್ತ ಶಾಲೆಗೆ ನಡೆಯುತ್ತಿದ್ದರು. “ತಲುಪಿದ್ದೇವೆ ಅಂತ ಮಗಳ ಮೆಸೇಜ್ ಬರುವ ತನಕ ನನ್ನ ಕೈ ಹಿಟ್ಟಿನಲ್ಲಿರುತ್ತೆ, ಕಣ್ಣು ಫೋನಿನಲ್ಲಿರುತ್ತೆ” ಎಂದು ಆ ತಾಯಿ ಇಂಗ್ಲಿಷಿನಲ್ಲಿ ಹೇಳಿದರು.

ಇಂಗ್ಲಿಷು ಬಾರದ ಶಾಂತವ್ವ ಅವರು ಹೀಟರಿನ ಮುಂದೆ ಸಾಲಾಗಿಟ್ಟಿದ್ದ ಮಕ್ಕಳ ಬೂಟುಗಳನ್ನು ಮುಟ್ಟಿ ನೋಡಿ, “ಇವು ಒಣಗೂದ್ರಾಗ ಮತ್ತ ನಾಳೆ ಆಗತೈತಿ” ಎಂದರು. ಸದಸ್ಯರು ಗುಡ್ಡದ ಕೆಳಗಿನ ಮನೆಗಳಿಗೆ ಹೋಗತಕ್ಕದ್ದಲ್ಲ. ಅನಿವಾರ್ಯವಾಗಿ ಹೋದಲ್ಲಿ ಬೂಟುಗಳ ಕಡೆ ನೋಡತಕ್ಕದ್ದಲ್ಲ.

6. ಅಕ್ಟೋಬರಿನಲ್ಲಿ ಶಾಲೆಯ ಗ್ರಂಥಾಲಯದಲ್ಲಿ ಇಬ್ಬರು ಅಭ್ಯರ್ಥಿಗಳನ್ನೂ ಕೂರಿಸಿ ಪ್ರಶ್ನೆ ಕೇಳುವ ಸಭೆ ನಡೆಯಿತು. ನಮ್ಮವರಿಗೆ ಅನುಕೂಲವಾಗಲೆಂದು ಕೇಶವ ಅವರೇ ಎದ್ದು ಸುಲಭವಾದ ಪ್ರಶ್ನೆ ಕೇಳಿದರು: ಒಂದೇ ಒಂದು ಬಸ್ಸಿಗೆ ಹಣವಿದ್ದರೆ ಎಲ್ಲಿಗೆ ಓಡಿಸುತ್ತೀರಿ? ಅಂದು ಆಕಳಿಸಿದ್ದ ಹಿರಿಯರು, ವಿಷಯವನ್ನು ಅಧ್ಯಯನ ಮಾಡಬೇಕಾಗುತ್ತದೆ ಎಂದು ಪಕ್ವವಾದ ಉತ್ತರ ನೀಡಿದರು. ವೈಶಾಲಿ ಅವರು ನೀರು ಕುಡಿದರು. ಗುಡ್ಡದವರ ಮುಖಗಳನ್ನು ನೋಡಿದರು. ಆಮೇಲೆ, ಮೊದಲು ಹೆದ್ದಾರಿ ಪಕ್ಕದ ಅಪಾರ್ಟ್‌ಮೆಂಟುಗಳಿಗೆ ಎಂದರು. ಗುಡ್ಡದ ಪ್ರತಿ ಮನೆಯಲ್ಲೂ ಕಾರಿದೆ, ನಮ್ಮದು ತೊಂದರೆ, ಅವರದು ಅಪಾಯ ಎಂದೂ ಸೇರಿಸಿದರು.

ಸಭೆಯ ನಂತರ ಪಾರ್ಕಿಂಗ್‌ನಲ್ಲಿ ನಡೆದದ್ದು:

“ನಮ್ಮೋರಾಗಿ ನಮ್ ಬಸ್ಸನ್ನೇ ಕೊಟ್ಬಿಟ್ರಲ್ಲ” ಎಂದರು ಕೇಶವ.

“ಬಸ್ ನಮ್ಮ ಕೈಯಾಗ ಇದ್ದಿಲ್ಲಲ್ರಿ ಸರ್, ಕೊಡಾಕ.”

“ಹೇಳೋದು ಹೇಳಿ, ಗೆದ್ಮೇಲೆ ಬೇರೆ ಮಾಡ್ಬಹುದಿತ್ತು.”

“ಹಂಗ ಮಾಡಾವ್ರು ಆಗ್ಲೇ ಅಲ್ಲಿ ಕುಂತಾರಲ್ರಿ.”

ಮರುದಿನ ಬೆಳಿಗ್ಗೆ ಗುಡ್ಡದ ಹುಲ್ಲುಹಾಸುಗಳಲ್ಲಿದ್ದ ಅವರ ಹೆಸರಿನ ಫಲಕಗಳು ಒಂದೊಂದಾಗಿ ಆಯಾ ಮನೆಯ ಗ್ಯಾರೇಜು ಸೇರಿದವು. ಇನ್ನು ಮುಂದೆ ಬಾಯಿಗೆ ಸತ್ಯ ಬಂದಲ್ಲಿ ಅಭ್ಯರ್ಥಿಯು ಕೂಡಲೇ ‘ಅಧ್ಯಯನ ಸಮಿತಿ’ ಎಂಬ ಪದವನ್ನು ಬಳಸತಕ್ಕದ್ದು.

7. ಫಲಿತಾಂಶ. ಮತವಿದ್ದ ಬಳಗದ ಸದಸ್ಯರಲ್ಲಿ ಕೆಲವರು ಹಿರಿಯರಿಗೆ ಮತ ಹಾಕಿದರು. ಉಳಿದವರು ಅಂಚೆಯಲ್ಲಿ ಬಂದ ಮತಪತ್ರವನ್ನು ಪೀಟ್ಜಾ ಕೂಪನ್ನುಗಳ ಜತೆ ಇಟ್ಟು ಮರೆತರು. ವೈಶಾಲಿ ಅವರು ಸೋತರು. ಕೂದಲೆಳೆಯ ಸೋಲೇನಲ್ಲ, ಸರಿಯಾದ ಸೋಲು. ಗೆದ್ದ ಹಿರಿಯರಿಗೆ ಫೋನ್ ಮಾಡಿ ಅಭಿನಂದಿಸಿ, ಊಟ ಬೇಡವೆಂದು ಕೋಣೆ ಸೇರಿದ ಅವರನ್ನು ಶಾಂತವ್ವ ಅವರು ಬಾಗಿಲಲ್ಲಿ ನಿಂತು ಕರೆದರು: “ಸೋತವರು ಉಣಬಾರದಂತ ಎಲ್ಲೆ ಬರದೈತಿ? ರೊಟ್ಟಿ ಆರತಾವು, ಏಳು.”

ವೈಶಾಲಿ ಅವರು ಎದ್ದು ಬಂದು, ಅಳುತ್ತಲೇ, ಎರಡು ರೊಟ್ಟಿ ಹೆಚ್ಚಿಗೆ ತಿಂದರು. ಅಭಯ ಅವರು ಪಲ್ಯ ಬಡಿಸಿದರು. ಸೋತ ಅಭ್ಯರ್ಥಿಯ ಹಸಿವಿನ ಬಗ್ಗೆ ನಿಯಮ ರೂಪಿಸುವುದು ಪರಿಶೀಲನೆಯಲ್ಲಿದೆ.

8. ಡಿಸೆಂಬರಿನ ಮಂಡಳಿ ಸಭೆಗೆ ಮರಿಸೋಲ್ ಮತ್ತು ಅಪಾರ್ಟ್‌ಮೆಂಟಿನ ಇತರ ತಾಯಂದಿರು ಕೆಲಸದ ಸಮವಸ್ತ್ರದಲ್ಲೇ ಬಂದರು. ಅವರನ್ನು ಕರೆತಂದದ್ದು ವೈಶಾಲಿ ಅವರ ಕಾರು. ತಾಯಂದಿರು ಒಬ್ಬೊಬ್ಬರಾಗಿ ಮಾತನಾಡಿದರು. ಈ ಬಾರಿ ಹಿರಿಯರು ಆಕಳಿಸಲಿಲ್ಲ. ಹೆದ್ದಾರಿ ಪಕ್ಕಕ್ಕೆ ಬಸ್ ಬೇಕೆಂಬುದು ತಮ್ಮ ಬಹುದಿನಗಳ ಕನಸೆಂದು ಹೇಳಿ ಅವರೇ ಪ್ರಸ್ತಾಪ ಮಂಡಿಸಿದರು. ಪ್ರಸ್ತಾಪವು ಅಂಗೀಕಾರವಾಯಿತು. ಎಲ್ಲರಿಗಿಂತ ಮೊದಲು ಚಪ್ಪಾಳೆ ತಟ್ಟಿದವರು ವೈಶಾಲಿ. ಸೋತವರು, ತಮ್ಮ ಮಾತನ್ನು ಗೆದ್ದವರು ತಮ್ಮದೆಂದು ಹೇಳಿದಾಗ, ಸಂತೋಷಪಡತಕ್ಕದ್ದಲ್ಲ. ಅದರಿಂದ ನೋಡುವವರಿಗೆ ಗೊಂದಲವಾಗುತ್ತದೆ.

9. ಜನವರಿಯಲ್ಲಿ ಕೆಳಗೆ ಬಸ್ ಓಡತೊಡಗಿತು. ಅದನ್ನು ತಮ್ಮ ಕಾರುಗಳಿಂದ ದಿನವೂ ನೋಡಿದ ಗುಡ್ಡದ ಸದಸ್ಯರ ಒತ್ತಾಯದ ಮೇರೆಗೆ, ಕೇಶವ ಅವರ ನೇತೃತ್ವದ ನಿಯೋಗವು ವೈಶಾಲಿ ಅವರ ಮನೆಗೆ ತೆರಳಿ, ಗುಡ್ಡದ ಪರವಾಗಿಯೂ ಮಂಡಳಿಯಲ್ಲಿ ಮಾತನಾಡುವಂತೆ ಕೇಳಿತು. ಶಾಂತವ್ವ ಅವರು ಎಲ್ಲರಿಗೂ ಚಹಾ ಕೊಟ್ಟರು.

“ಬರ್ತೀನ್ರಿ. ಆದ್ರ ಒಬ್ಬಾಕಿನ ಬರಂಗಿಲ್ಲ. ನೀವೂ ಎಲ್ಲಾರೂ ಬರ್ರಿ” ಎಂದರು ವೈಶಾಲಿ.

ಅದರಂತೆ ಬಳಗವು ಮೊದಲ ಬಾರಿಗೆ ಮಂಡಳಿಯ ಸಭೆಗೆ ಹೋಗಿ ಹಿಂದಿನ ಸಾಲಿನಲ್ಲಿ ಕುಳಿತಿತು. ಕೇಶವ ಅವರು ಮೈಕಿನ ಮುಂದೆ ನಿಂತು ತಮ್ಮ ಹೆಸರನ್ನು ಎರಡು ಸಲ ಹೇಳಿ, ಮುಂದಿನ ಮಾತು ಮರೆತರು. ಆಗ ಆಚೆ ಬದಿಯಿಂದ ಮರಿಸೋಲ್ ಎದ್ದರು. ತಮ್ಮ ಮಕ್ಕಳಿಗೆ ಬಸ್ ಸಿಕ್ಕಿದೆ, ಮೇಲಿನ ರಸ್ತೆಗೂ ಕಾಲುದಾರಿಯಿಲ್ಲ, ಅಲ್ಲಿನ ಮಕ್ಕಳಿಗೂ ಕೊಡಿ ಎಂದು ಕೇಳಿದರು. ಅವರನ್ನು ಬರಲು ಯಾರೂ ಕೇಳಿರಲಿಲ್ಲ. ಬಳಗದವರು ಎತ್ತ ನೋಡಬೇಕೆಂದು ತಿಳಿಯದೆ ನೆಲ ನೋಡಿದರು. ಕೇಶವ ಅವರು ಮೈಕಿನಲ್ಲಿ “ಥ್ಯಾಂಕ್ ಯೂ” ಎಂದಷ್ಟೇ ಹೇಳಿ ಬಂದು ಕುಳಿತರು. ಗುಡ್ಡದ ಬಸ್ಸನ್ನು ಮುಂದಿನ ಆಯವ್ಯಯದಲ್ಲಿ ಪರಿಗಣಿಸುವುದಾಗಿ ಮಂಡಳಿ ತಿಳಿಸಿದೆ.

ಇಂಥ ಸಂದರ್ಭದಲ್ಲಿ ಸದಸ್ಯರು ಹೇಗೆ ನಡೆದುಕೊಳ್ಳಬೇಕೆಂಬುದಕ್ಕೆ ವಿಭಾಗದ ಬಳಿ ಸದ್ಯ ಯಾವುದೇ ನಿಯಮ ಲಭ್ಯವಿಲ್ಲ.

10. ಮೇಲ್ಕಂಡ ಎಲ್ಲ ಕಾರಣಗಳಿಂದ, ತಮ್ಮ ಮೇಲೆ ಶಿಸ್ತುಕ್ರಮ ಏಕೆ ಜರುಗಿಸಬಾರದೆಂದು ವೈಶಾಲಿ ಅವರು ಒಂದು ವಾರದೊಳಗೆ ಲಿಖಿತ ವಿವರಣೆ ನೀಡತಕ್ಕದ್ದು. ವಿವರಣೆ ಸಮಾಧಾನಕರವಾಗಿದ್ದರೂ ಸ್ವೀಕರಿಸಲಾಗುವುದಿಲ್ಲ.

ಗ್ಯಾರೇಜಿನಿಂದ ಹೊರಡಿಸಲಾಗಿದೆ,

ಸಹಿ/- (ಓದಲಾಗುತ್ತಿಲ್ಲ)
ಪ್ರಭಾರ ಅಧಿಕಾರಿ
ಶಿಸ್ತು ಮತ್ತು ಶಿಷ್ಟಾಚಾರ ವಿಭಾಗ

ಪ್ರತಿಗಳು:

1. ಶ್ರೀಮತಿ ವೈಶಾಲಿ ಬಳಿಗಾರ ಅವರಿಗೆ, ವಿವರಣೆ ನೀಡಲು.
2. ಶ್ರೀ ಕೇಶವ, ಕಾರ್ಯದರ್ಶಿಗಳು, ಇವರಿಗೆ. ದೂರನ್ನು ಹಿಂಪಡೆಯುವುದಾಗಿ ಅವರು ನಿನ್ನೆ ಮಾಡಿದ ಫೋನ್ ಕರೆಯನ್ನು ಸ್ವೀಕರಿಸಿಲ್ಲವೆಂದು ತಿಳಿಸುತ್ತ.
3. ಶ್ರೀಮತಿ ಶಾಂತವ್ವ ಅವರಿಗೆ, ಸೊಸೆಯ ಮುಂದೆ ಇದನ್ನು ಗಟ್ಟಿಯಾಗಿ ಓದಿ ನಗಬಾರದೆಂಬ ಕೋರಿಕೆಯೊಂದಿಗೆ.
4. ಬಳಗದ ಮಕ್ಕಳಿಗೆ ಕಳಿಸಿಲ್ಲ, ಅವರಿಗೆ ಕನ್ನಡ ಓದಲು ಬರುವುದಿಲ್ಲ.
5. ಶ್ರೀಮತಿ ವೈಶಾಲಿ ಬಳಿಗಾರ ಅವರಿಗೇ, ಬೇರೆ ಲಕೋಟೆಯಲ್ಲಿ, ಮುಂದಿನ ಚುನಾವಣೆಗೂ ದಯವಿಟ್ಟು ತಾವೇ ನಿಲ್ಲಬೇಕೆಂದು ಬಳಗದ ಪರವಾಗಿ ವಿನಂತಿಸುತ್ತ.