ಕಲ್ಲಿನಂಗಡಿಗೆ ಬಂದ ಮರಳುಗಾಡಿನ ಹಲ್ಲಿ

ಅಂಕೋಲೆಯ ನಮ್ಮ ಕಲ್ಲಿನಂಗಡಿಗೆ ಲಾರಿ ಬಂತೆಂದರೆ ಬಿಲ್ಲಿನಲ್ಲಿ ಬರೆಯದ್ದೂ ಒಂದಿಷ್ಟು ಇಳಿಯುತ್ತದೆ. ಚೇಳು ಇಳಿದಿದೆ, ಒಮ್ಮೆ ಡ್ರೈವರನ ಮಾವನೇ ಇಳಿದಿದ್ದಾರೆ. ನಾನು ಹೆದರುಪುಕ್ಕಲ ಗುಮಾಸ್ತ. ಎಲ್ಲವೂ ನನ್ನೆದುರೇ ಇಳಿಯಬೇಕು.

ಒಣ ಜಾಗ

ಈ ಜುಲೈನಲ್ಲಿ ರಾಜಸ್ಥಾನದ ಕಲ್ಲಿನ ಲೋಡಿಗೆ ಹಾಸಿದ್ದ ಹುಲ್ಲಿನೊಳಗಿಂದ ಮೊಳದುದ್ದದ ಪ್ರಾಣಿಯೊಂದು ತಲೆ ಎತ್ತಿತು. ಬಾಲದ ತುಂಬ ಮುಳ್ಳು. ಅರಣ್ಯ ಇಲಾಖೆಗೆ ಫೋಟೊ ಕಳಿಸಿದೆ. ಕಾರವಾರದ ಫಾರೆಸ್ಟ್ ಗಾರ್ಡ್ ಫೋನ್ ಮಾಡಿದರು: "ಮುಳ್ಳುಬಾಲದ ಹಲ್ಲಿ, ಮರಳುಗಾಡಿಂದು. ಇವತ್ತು ಬಿಣಗಾದಲ್ಲಿ ಹೆಬ್ಬಾವು ಅದೆ, ನಾಳೆ ಅರ್ಗಾದಲ್ಲಿ ನಾಗರ. ನಾಡಿದ್ದು ನಿಮ್ಮಲ್ಲಿ ಬರ್ತೇನೆ. ಅಲ್ಲೀವರೆಗೆ ಒಣ ಜಾಗದಲ್ಲಿಡಿ. ಸತ್ತರೆ ನಿಮ್ಮನ್ನೇ ಕೇಳಬೇಕಾಗ್ತದೆ."

ಜುಲೈನಲ್ಲಿ ಅಂಕೋಲೆಯಲ್ಲಿ ಒಣ ಜಾಗ ಎಲ್ಲಿಂದ ತರಲಿ? ನಾಲ್ಕು ದಿನದಿಂದ ನನ್ನ ಬನಿಯನ್ನೇ ಒಣಗಿರಲಿಲ್ಲ. ಕೊನೆಗೆ ಹಲ್ಲಿಯನ್ನು ಒಂದು ಪೆಟ್ಟಿಗೆಗೆ ಹಾಕಿಸಿ ಬಲ್ಬು ಕಟ್ಟಿದೆ. ಸಂಜೆ ನೋಡಿದರೆ ನಮ್ಮ ಹಮಾಲಿ ಅದರ ಪಕ್ಕದಲ್ಲಿ ತನ್ನ ಲುಂಗಿ ಹರವಿದ್ದ.

ಸೋಮವಾರ

ಹಸಿವಿನಿಂದ ಸತ್ತುಹೋದರೆ ಎಂದು ಅವತ್ತೇ ಬಂಗಡೆ ಮೀನಿನ ತುಂಡು ಇಟ್ಟಿದ್ದೆ. ಹಲ್ಲಿ ಮೂಸಿಯೂ ನೋಡಲಿಲ್ಲ. ನನಗೆ ದಿಗಿಲು. ಹಮಾಲಿ ಸಮಾಧಾನ ಮಾಡಿದ: "ಇವತ್ತು ಸೋಮವಾರ ಅಲ್ರಾ, ನಾಳೆ ತಿಂತದೆ."

ಮಂಗಳವಾರವೂ ಮುಟ್ಟಲಿಲ್ಲ. ಗಾರ್ಡ್‌ಗೆ ಫೋನ್ ಮಾಡಿದರೆ, "ಅದು ಸೊಪ್ಪು ತಿನ್ನೂದು" ಎಂದರು. ಹರಿವೆ ಸೊಪ್ಪು ಹಾಕಿದೆ, ತಿಂದಿತು. ಹಮಾಲಿ ಬಂಗಡೆ ತುಂಡು ನೋಡಿ ನಿಟ್ಟುಸಿರಿಟ್ಟ: "ಮೀನು ತಿನ್ನೂದಿಲ್ಲ ಅಂದ್ರೆ ಇದು ಈ ಊರಿಗೆ ಯಾಕೆ ಬರ್ಬೇಕಾಗಿತ್ತು?"

ಫಲ

ಬುಧವಾರ ಬೆಳಿಗ್ಗೆ ಪೆಟ್ಟಿಗೆಯನ್ನು ಮೇಲಿನ ಹಲಗೆಗೆ ಏರಿಸುವಾಗ ಹಲ್ಲಿ ಹಾರಿ ನನ್ನ ತಲೆ ಮೇಲೆ ಬಿತ್ತು. ಅದನ್ನು ಹಮಾಲಿ ಗೋಣಿ ಹಾಕಿ ಹಿಡಿದ. ನನ್ನನ್ನು ಹಿಡಿಯುವವರಿರಲಿಲ್ಲ. ಹಲ್ಲಿ ತಲೆ ಮೇಲೆ ಬಿದ್ದರೆ ಮರಣಭಯ ಎಂದು ಪಂಚಾಂಗದಲ್ಲಿದೆ. ಪಕ್ಕದ ಬೀದಿಯ ಭಟ್ಟರಲ್ಲಿಗೆ ಓಡಿದೆ.

"ಎಷ್ಟು ದೊಡ್ಡದು?" ಎಂದರು.

ಕೈಯಲ್ಲಿ ಮೊಳ ತೋರಿಸಿದೆ. ಭಟ್ಟರು ಪಂಚಾಂಗ ಮುಚ್ಚಿದರು. "ಇದು ಮನೆಹಲ್ಲಿಗೆ ಬರೆದದ್ದು. ನಿಂದು ಎಲ್ಲಿಂದ ಬಂತು?"

"ರಾಜಸ್ಥಾನದಿಂದ, ಲಾರಿಯಲ್ಲಿ."

"ಹಾಗಾದ್ರೆ ಫಲವೂ ಲಾರಿಯಲ್ಲೇ ಬರ್ಬೇಕು. ಮಿಂದು ಸುಮ್ಮನೆ ಕೂತ್ಕೋ."

ಮಿಂದು ಬಂದು ಅಂಗಡಿಯಲ್ಲಿ ಕೂತೆ. ಹೊರಗೆ ಒಂದೊಂದು ಲಾರಿ ನಿಂತಾಗಲೂ ಫಲ ಬಂತೆಂದು ಎದ್ದು ನಿಲ್ಲುತ್ತಿದ್ದೆ. ಅಷ್ಟರಲ್ಲಿ ಗಾರ್ಡ್ ಫೋನ್.

"ಅರ್ಗಾ ದಾಟಿದೆ, ಬರ್ತಾ ಇದ್ದೇನೆ. ಜೀವ ಅದೆಯಾ?"

"ಅದೆ ಸರ್," ಎಂದೆ. "ಮಿಂದು ಕೂತಿದ್ದೇನೆ. ಎದೆ ಮಾತ್ರ ಡವಡವ ಅಂತದೆ."



"ನಾ ಕೇಳಿದ್ದು ಹಲ್ಲಿದು, ಮಾರಾಯ್ರೇ."