ಓದಿನ ಚೀಟಿಯ ಹಿಂಬದಿ

ಆ ಶನಿವಾರ ಸಿದ್ದಪ್ಪಯ್ಯನಪಾಳ್ಯದ ಜನ ವೆಂಕಟಸುಬ್ಬಯ್ಯ ಮೇಷ್ಟ್ರ ಮೇಲೆ ಮುಗಿಬಿದ್ದುದಕ್ಕೆ ಮೂಲ, ಒಂದು ಮಗ್ಗುಲು ಖಾಲಿ ಇದ್ದ ಎಂಟು ಹಾಳೆ ಕಾಗದ.

ಕಾಗದ ಕೊಟ್ಟವನು ಅವರ ಹೆಂಡತಿಯ ತಮ್ಮ ಶ್ಯಾಮಸುಂದರ. ಬೆಂಗಳೂರಿನ ಒಂದು ಸರ್ಕಾರಿ ಕಚೇರಿಯಲ್ಲಿ ಗುಮಾಸ್ತನಾಗಿದ್ದ ಅವನು ಅಕ್ಕನ ಮನೆಗೆ ಬರಿಗೈಯಲ್ಲಿ ಬರುವವನಲ್ಲ. ಬೇರೆಯವರು ಹಣ್ಣು ಹೂವು ತಂದರೆ ಇವನು ಗುಂಡುಸೂಜಿ, ಅಂಟು, ಕಾಗದ ತರುತ್ತಿದ್ದ. "ಸೈಕ್ಲೋಸ್ಟೈಲ್ ಮಿಷನ್ನಲ್ಲಿ ಮಸಿ ಮೆತ್ಕೊಂಡು ಹಾಳಾಗಿರೋ ಹಾಳೆ ಭಾವ. ಎಂಟೂ ಒಂದೇ ಕಾಗದದ ಪ್ರತಿ. ಹಿಂದುಗಡೆ ಬೆಳ್ಳಗಿದೆ, ಸ್ಕೂಲಿಗಾಗುತ್ತೆ ಇಟ್ಕೊಳ್ಳಿ" ಎಂದ. ವರ್ಷಕ್ಕೊಂದು ಡಬ್ಬಿ ಸೀಮೆಸುಣ್ಣ ಕೊಟ್ಟು ಸರ್ಕಾರ ಕೈತೊಳೆದುಕೊಂಡಿದ್ದ ಶಾಲೆಯ ಮೇಷ್ಟ್ರು ಬೇಡ ಎನ್ನುವುದು ಹೇಗೆ? ಅಚ್ಚಾಗಿದ್ದ ಕಡೆ ಒಮ್ಮೆ ಕಣ್ಣಾಡಿಸಿದರು. 'ಸದರಿ', 'ಮೇಲ್ಕಂಡ', 'ತತ್ಸಂಬಂಧವಾಗಿ' ಎಂದು ಸಾಗಿದ್ದ ಆ ಕನ್ನಡ ಕಂಡೊಡನೆ ಆಕಳಿಕೆ ಬಂತು. ಹಾಳೆಯನ್ನು ಮಗುಚಿ ಹಾಕಿದರು.

ಕಾಗದದ ಅಗತ್ಯ ಬಿದ್ದದ್ದು ಇನ್ಸ್‌ಪೆಕ್ಟರ್ ದೆಸೆಯಿಂದ. ಹಿಂದಿನ ತಿಂಗಳು ತಪಾಸಣೆಗೆ ಬಂದಿದ್ದ ಅವರ ಮುಂದೆ ನಾಲ್ಕನೇ ತರಗತಿಯ ಹುಡುಗನೊಬ್ಬ ಪುಸ್ತಕವನ್ನು ತಲೆಕೆಳಗಾಗಿ ಹಿಡಿದು ಇಡೀ ಪಾಠವನ್ನು ಒಂದಕ್ಷರ ತಪ್ಪದೆ ಒಪ್ಪಿಸಿದ್ದ. ಇನ್ಸ್‌ಪೆಕ್ಟರ್ ಹೊರಡುವಾಗ ಹೇಳಿದ್ದರು: "ಮಕ್ಕಳು ಮನೇಲಿ ಓದ್ಬೇಕು ಕಣ್ರೀ. ಓದಿದ್ದಕ್ಕೆ ಪೋಷಕರ ಸಹಿ ಬೇಕು. ಮುಂದಿನ ತಿಂಗಳು ಬರ್ತೀನಿ. ಮೂವತ್ತೆರಡು ಮಕ್ಕಳಿಗೆ ಮೂವತ್ತೆರಡು ಚೀಟಿ ಇಲ್ದಿದ್ರೆ, ಕನಕಪುರದಾಚೆ ಕಾಡಂಚಿನಲ್ಲಿ ಒಂದು ಶಾಲೆ ಮೇಷ್ಟ್ರಿಲ್ದೆ ಒಣಗ್ತಾ ಇದೆ, ಹೋಗಿ ನೀರೆರೀರಿ."

ವರ್ಗವೆಂದರೆ ಮೇಷ್ಟ್ರಿಗೆ ಎದೆ ಒಡೆದುಹೋಗುತ್ತಿತ್ತು. ಕಾಡಿನ ಭಯದಿಂದಲ್ಲ, ನಾಲ್ಕು ಕಲ್ಲಿನ ಮೋಹದಿಂದ. ಹೋದ ವರ್ಷವಷ್ಟೇ ಊರ ಹಿರಿಯ ಹನುಮಂತರಾಯಪ್ಪ ತನ್ನ ಎರಡೆಕರೆ ಹೊಲವನ್ನು ಸೈಟು ಮಾಡಿ ಹೊರಗಿನಿಂದ ಬಂದವರಿಗೆ ಮಾರಿದ್ದ. ಹದಿನಾರು ವರ್ಷದಿಂದ ಅದೇ ಹನುಮಂತರಾಯಪ್ಪನ ಹಿಟ್ಟಿನ ಗಿರಣಿಯ ಹಿಂದಿನ ರೂಮಿನಲ್ಲಿ ಬಾಡಿಗೆಗಿದ್ದು, ಊಟಕ್ಕೂ ಉಸಿರಿಗೂ ರಾಗಿ ಹಿಟ್ಟು ಬೆರೆಸಿಕೊಂಡಿದ್ದ ಮೇಷ್ಟ್ರು, ಹೆಂಡತಿಯ ಸರ ಹೋದರೂ ಹೋಗಲಿ ಎಂದು ಒಂದು ಸೈಟು ಹಿಡಿದರು. ಮನೆ ಕಟ್ಟುವ ಶಕ್ತಿ ಇನ್ನೂ ಬಂದಿರಲಿಲ್ಲ. ಆದರೂ ಪ್ರತಿ ಭಾನುವಾರ ಗಂಡ ಹೆಂಡತಿ ಚಿತ್ರಾನ್ನ ಕಟ್ಟಿಕೊಂಡು ಹೋಗಿ ಆ ನಾಲ್ಕು ಕಲ್ಲುಗಳ ನಡುವೆ ಕುಳಿತು ಬರುತ್ತಿದ್ದರು. ಕ್ರಯಪತ್ರದಲ್ಲಿದ್ದ ಇಡೀ ಹೊಲದ ಚಕ್ಕುಬಂದಿ, ಅಂದರೆ ನಾಲ್ಕು ದಿಕ್ಕಿನ ಎಲ್ಲೆ, ಇಬ್ಬರಿಗೂ ಬಾಯಿಪಾಠ. "ಪೂರ್ವಕ್ಕೆ ಹಳ್ಳ" ಎಂದು ಮೇಷ್ಟ್ರು ಶುರು ಮಾಡಿದರೆ, "ಪಶ್ಚಿಮಕ್ಕೆ ಹೊಂಗೆ ತೋಪು" ಎಂದು ಸೀತಾಲಕ್ಷ್ಮಿ ಹೇಳುವಳು. "ಉತ್ತರಕ್ಕೆ ಬಂಡಿ ದಾರಿ" ಎಂದರೆ "ದಕ್ಷಿಣಕ್ಕೆ ಮುನಿಯಣ್ಣನ ಬಾವಿ." ಸಹಸ್ರನಾಮ ಹೇಳಿದಷ್ಟೇ ನೆಮ್ಮದಿಯಾಗುತ್ತಿತ್ತು.

ಅಂಥ ಸೈಟನ್ನು ಬಿಟ್ಟು ಕನಕಪುರದ ಕಾಡಿಗೆ ಹೋಗುವುದುಂಟೆ? ಮೇಷ್ಟ್ರು ಎಂಟು ಹಾಳೆಯನ್ನೂ ಅಡ್ಡಕ್ಕೆ ನಾಲ್ಕು ನಾಲ್ಕು ಚೀಟಿ ಮಾಡಿ ಕತ್ತರಿಸಿ, ಖಾಲಿ ಇದ್ದ ಕಡೆ ತಮ್ಮ ಮುತ್ತಿನಂಥ ಅಕ್ಷರದಲ್ಲಿ ಬರೆದರು: 'ನಮ್ಮ ಮಗು ಮನೆಯಲ್ಲಿ ಗಟ್ಟಿಯಾಗಿ ಓದಿದ್ದನ್ನು ಕೇಳಿದ್ದೇವೆ. ಪೋಷಕರ ಸಹಿ ಅಥವಾ ಹೆಬ್ಬೆಟ್ಟಿನ ಗುರುತು.' ಶುಕ್ರವಾರ ಸಂಜೆ ಮಕ್ಕಳಿಗೆ ಹಂಚುತ್ತಾ ಹೇಳಿದರು: "ಮನೇಲಿ ಪುಸ್ತಕ ಇಲ್ಲ ಅನ್ನೋ ಹಾಗಿಲ್ಲ. ಬೆಂಕಿಪೊಟ್ಟಣ ಓದಿ, ಗೊಬ್ಬರದ ಚೀಲ ಓದಿ. ಹಿಂದೆ ಮುಂದೆ ಎಲ್ಲಿ ಅಕ್ಷರ ಕಂಡ್ರೂ ಬಿಡಬೇಡಿ!"

ಹದಿನಾರು ವರ್ಷದಲ್ಲಿ ಮೊದಲ ಬಾರಿಗೆ ಮಕ್ಕಳು ಮೇಷ್ಟ್ರ ಮಾತನ್ನು ಅಕ್ಷರಶಃ ಪಾಲಿಸಿದರು.

ಶನಿವಾರ ಬೆಳಗಿನ ಶಾಲೆ. ಮೇಷ್ಟ್ರು ಬಾಗಿಲು ತೆಗೆಯುವಷ್ಟರಲ್ಲಿ ಮಕ್ಕಳ ಜೊತೆ ಅಪ್ಪಂದಿರು, ಅವ್ವಂದಿರು, ಅಜ್ಜಿಯರು ಎಲ್ಲರೂ ಅಂಗಳದಲ್ಲಿ ನೆರೆದಿದ್ದರು. ಎಲ್ಲರಿಗಿಂತ ಮುಂದೆ ಚಿಕ್ಕಬೈರಪ್ಪ ತನ್ನ ಎಡಗೈ ಹೆಬ್ಬೆರಳನ್ನು ಗಾಯವಾದವನಂತೆ ಎತ್ತಿ ಹಿಡಿದು ನಿಂತಿದ್ದ.

"ನನ್ನ ಎಬ್ಬೆಟ್ಟು ವಾಪಸ್ ಕೊಡಿ ಮೇಷ್ಟ್ರೆ!"

"ಹೆಬ್ಬೆಟ್ಟು ವಾಪಸ್ಸಾ?"

"ಊ ಕಣ್ರೀ. ನಿಮ್ಮ ಮಾತು ನಂಬ್ಕಂಡು ನಿನ್ನೆ ಒತ್ಬುಟ್ಟೆ. ಆಮೇಕೆ ನನ್ನ ಮಗಳು ಚೀಟಿ ತಿರುಗಿಸಿ ಓದಿದ್ಲು. ಸೀಮೆಎಣ್ಣೆ ಆಕಿ ಬೆರಳು ತೊಳ್ಕಂಡೆ, ಕಾಗದದ ಮ್ಯಾಲಿಂದು ಮಾತ್ರ ಓಗ್ಲಿಲ್ಲ. ಇರೋದು ಒಂದೆಕರೆ ಒಲ. ಅದ್ನೂ ಕಾರ್ಖಾನೆಗೆ ಬರ್ಸಿಕೊಂಡ್ರಲ್ಲ, ನಿಮ್ಗೆ ಒಳ್ಳೇದಾಯ್ತದಾ?"

ಪೀಣ್ಯದ ಕಾರ್ಖಾನೆಗಳು ತುಮಕೂರು ರಸ್ತೆ ಹಿಡಿದು ಮಾಕಳಿಯವರೆಗೆ ನಡೆದು ಬರುತ್ತಿದ್ದ ಕಾಲ ಅದು. ಖಾಕಿ ಚೀಲ ಹಿಡಿದವನೊಬ್ಬ ಹೊಲದ ಬದುವಿನಲ್ಲಿ ನಿಂತು ಬೀಡಿ ಹಚ್ಚಿದರೂ ಊರಿಗೆ ಜ್ವರ ಬರುತ್ತಿತ್ತು. ಮೇಷ್ಟ್ರು ಚೀಟಿ ತಿರುಗಿಸಿ ನೋಡಿದರು. 'ಸದರಿ ಜಮೀನನ್ನು ಕೈಗಾರಿಕಾ ಉದ್ದೇಶಕ್ಕಾಗಿ ಸ್ವಾಧೀನಪಡಿಸಿಕೊಳ್ಳಲು ತೀರ್ಮಾನಿಸಿರುವುದರಿಂದ' ಎಂದಿತ್ತು.

"ಇದು ರದ್ದಿ ಕಾಗದ ಕಣಪ್ಪ, ಯಾವ ಊರಿಂದೋ ಏನೋ. ನಾನು ಬರೆದಿರೋದು ಮುಂದುಗಡೆ ಮಾತ್ರ. ಮಕ್ಕಳು ಓದಲಿ ಅಂತ..."

"ಅದೇ ಮತ್ತೆ, ಮಕ್ಳು ಓದಿದ್ವಲ್ಲ!" ಎಂದಳು ಅಂಜನಮ್ಮ. ಶಾಲೆಯ ಹೊಸ್ತಿಲ ಮೇಲೆ ಗಟ್ಟಿಯಾಗಿ ಕುಳಿತಿದ್ದ ಮುದುಕಿ ಅವಳು. "ನೀವು ಸಾಧು ಅಂದ್ಕಂಡಿದ್ವಿ. ನಮ್ಮ ಉಡುಗ್ರ ಕೈಲೇ ನಮ್ಮ ಕತ್ತು ಕುಯ್ಸಕ್ಕೆ ಬಂದ್ರಲ್ಲಪ್ಪ!"

ಮೇಷ್ಟ್ರು ದೇವರ ಮೇಲೆ ಆಣೆ ಹಾಕಿದರು, ಸರಸ್ವತಿಯ ಪಟ ಮುಟ್ಟಿದರು. ಯಾರೂ ನಂಬಲಿಲ್ಲ. ಕೊನೆಗೆ ಹನುಮಂತರಾಯಪ್ಪ ಕೈಯೆತ್ತಿ ಗದ್ದಲ ನಿಲ್ಲಿಸಿದ. "ಸುಮ್ಕಿರ್ರಪ್ಪೋ. ಒಂದೊಂದು ಚೀಟೀಲಿ ಒಂದೊಂದು ತುಂಡೈತೆ. ಮಕ್ಳನ್ನ ಸಾಲಾಗಿ ನಿಲ್ಸಿ ಓದ್ಸಿ. ಯಾರ ಒಲ ಓಯ್ತದೆ ಅಂತ ತಿಳ್ದ್ರೆ ಸಾಕು. ಆಮೇಕೆ ಮೇಷ್ಟ್ರನ್ನ ಇಚಾರಿಸ್ಕಳಣ."

ಸರಿಯಾಗಿ ಅದೇ ಹೊತ್ತಿಗೆ ಬೇಲಿಯಾಚೆ ಲ್ಯಾಂಬ್ರೆಟ್ಟಾ ಸ್ಕೂಟರಿನ ಸದ್ದು ಕೇಳಿತು. ಹೋದೆಯಾ ಪಿಶಾಚಿ ಎಂದರೆ ಬಂದೆ ಗವಾಕ್ಷಿಯಲ್ಲಿ ಎನ್ನುವಂತೆ ಇನ್ಸ್‌ಪೆಕ್ಟರ್ ಇಳಿದರು. ಮೇಷ್ಟ್ರಿಗೆ ಕನಕಪುರದ ಕಾಡು ಕಣ್ಣ ಮುಂದೆಯೇ ಬೆಳೆದು ನಿಂತಂತಾಯಿತು.

ಆದರೆ ಇನ್ಸ್‌ಪೆಕ್ಟರ್ ಕಂಡದ್ದೇ ಬೇರೆ. ಶಾಲೆಯ ಅಂಗಳದಲ್ಲಿ ಇಡೀ ಊರು ಉಸಿರು ಬಿಗಿಹಿಡಿದು ಕುಳಿತಿದೆ! ಮಕ್ಕಳು ಸಾಲಾಗಿ ನಿಂತು ಓದುತ್ತಿವೆ! ಹುಡುಗನೊಬ್ಬ ತಡವರಿಸಿದರೆ ಅವನಪ್ಪ, "ಓದು ನನ್ನಪ್ಪ, ನಿಧಾನಕ್ಕೆ ಓದು" ಎಂದು ಬೆನ್ನು ಸವರುತ್ತಿದ್ದಾನೆ! ಇಪ್ಪತ್ತು ವರ್ಷದ ನೌಕರಿಯಲ್ಲಿ ಅವರು ಇಂಥದ್ದನ್ನು ನೋಡಿರಲಿಲ್ಲ.

"ಪಠ್ಯಪುಸ್ತಕ ಬಿಟ್ಟು ಸರ್ಕಾರಿ ಕಾಗದಾನೇ ಓದಿಸ್ತಾ ಇದ್ದೀರಲ್ರೀ! ಭೇಷ್! ನಿಲ್ಲಿಸ್ಬೇಡಿ, ನಡೀಲಿ" ಎಂದು ಒಂದು ಮಣೆ ಎಳೆದುಕೊಂಡು ತಾವೂ ಕುಳಿತರು.

ಮೊದಲನೇ ತುಂಡು ಓದಿದಾಗಲೇ ಊರಿನ ಹೆಸರು ಬಂತು. ಸಿದ್ದಪ್ಪಯ್ಯನಪಾಳ್ಯವೇ, ಅನುಮಾನವಿಲ್ಲ. ಹೆಂಗಸರು ಬಾಯಿಗೆ ಸೆರಗು ಒತ್ತಿಕೊಂಡರು. ಎರಡನೇ ತುಂಡಿನಲ್ಲಿ ಸ್ವಾಧೀನದ ಮಾತು. ನಾಲ್ಕನೆಯದರಲ್ಲಿ ಮೂವತ್ತು ದಿನದ ಗಡುವು. ಯಾರ ಜಮೀನು ಎಂಬುದು ಮಾತ್ರ ಮೂರನೇ ತುಂಡಿನಲ್ಲಿತ್ತು, ಮಸಿ ಮೆತ್ತಿಕೊಂಡಿದ್ದದ್ದೂ ಅಲ್ಲೇ. ಆ ತುಂಡು ಸಿಕ್ಕಿದ್ದ ಏಳು ಮಕ್ಕಳು ಒಬ್ಬರಾದ ಮೇಲೊಬ್ಬರು ಚೀಟಿಯನ್ನು ಬಿಸಿಲಿಗೆ ಹಿಡಿದು ನೋಡಿ, "ಮಸಿ ಸಾರ್" ಎಂದವು.

ಎಂಟನೆಯ ಚೀಟಿ ಇದ್ದದ್ದು ಅಂಜನಮ್ಮನ ಮೊಮ್ಮಗಳು ನಾಗಲಕ್ಷ್ಮಿಯ ಕೈಯಲ್ಲಿ. ಮೂರನೇ ತರಗತಿ, ಕೊನೆಯ ಸಾಲು. ಎರಡು ವರ್ಷದಿಂದ ಮೇಷ್ಟ್ರು ತಲೆ ಕೆಳಗೆ ಮಾಡಿ ನಿಂತರೂ ಒಂದು ಸಾಲು ಓದದ ಹುಡುಗಿ. ಅವಳ ಚೀಟಿಯಲ್ಲಿ ಸರ್ವೆ ನಂಬರಿನ ಮೇಲೆ ಮಸಿ ಇತ್ತು, ಕೆಳಗಿನ ಎರಡು ಸಾಲು ಮಾತ್ರ ಅಚ್ಚುಕಟ್ಟಾಗಿದ್ದವು.

"ಓದವ್ವಾ ನನ್ನ ಬಂಗಾರ" ಎಂದಳು ಅಂಜನಮ್ಮ. ಇನ್ಸ್‌ಪೆಕ್ಟರ್ ಮುಂದಕ್ಕೆ ಬಾಗಿದರು. ಮೇಷ್ಟ್ರು ಎಲ್ಲವನ್ನೂ ಮರೆತು ಮನಸ್ಸಿನಲ್ಲೇ ಕೈಮುಗಿದರು. ಈ ಹುಡುಗಿ ಇವತ್ತು ಓದಿಬಿಟ್ಟರೆ ಸಾಕು, ವರ್ಗದ ಗಂಡಾಂತರ ಕಳೆದಂತೆ.

ನಾಗಲಕ್ಷ್ಮಿ ಬೆರಳಿಟ್ಟು ಶುರು ಮಾಡಿದಳು. "ಚ... ಕ್ಕು... ಬಂ... ದಿ. ಪೂ... ರ್ವ... ಕ್ಕೆ... ಹ... ಳ್ಳ."

ಅಂಗಳದಲ್ಲಿ ನಿಟ್ಟುಸಿರೆದ್ದಿತು. ಹಳ್ಳದ ಪಕ್ಕ ಹತ್ತು ಮಂದಿಯ ಹೊಲವಿತ್ತು. ಚಿಕ್ಕಬೈರಪ್ಪ ಹೆಬ್ಬೆರಳನ್ನು ಮುಷ್ಟಿಯೊಳಗೆ ಅಡಗಿಸಿಕೊಂಡ.

"ಪ... ಶ್ಚಿ... ಮ... ಕ್ಕೆ... ಹೊಂ..." ಹುಡುಗಿ ನಿಂತಳು.

"ಹೊಂಗೆ ತೋಪು" ಎಂದರು ಮೇಷ್ಟ್ರು. ತಡವರಿಸಿದ ಮಗುವಿಗೆ ಮುಂದಿನ ಪದ ಎತ್ತಿಕೊಡುವುದು ಅವರ ಹದಿನಾರು ವರ್ಷದ ಚಾಳಿ.

"ಹೊಂಗೆ ತೋಪು. ಉ... ತ್ತ... ರ... ಕ್ಕೆ... ಬಂ..."

"ಬಂಡಿ ದಾ..." ಎಂದ ಮೇಷ್ಟ್ರ ಬಾಯಿ ಅರ್ಧಕ್ಕೇ ನಿಂತಿತು. ಅವರ ಕೈಯಲ್ಲಿ ಚೀಟಿ ಇರಲಿಲ್ಲ. ಅವರು ಯಾವುದನ್ನೂ ನೋಡಿ ಓದುತ್ತಿರಲಿಲ್ಲ.

"ಮಗೂಗೆ ಹೇಳಿಕೊಡ್ಬೇಡ್ರೀ, ಅದೇ ಓದಲಿ" ಎಂದರು ಇನ್ಸ್‌ಪೆಕ್ಟರ್.

ನಾಗಲಕ್ಷ್ಮಿಗೆ ಧೈರ್ಯ ಬಂದಿತ್ತು. "ಬಂಡಿ ದಾರಿ. ದಕ್ಷಿಣಕ್ಕೆ ಮುನಿಯಣ್ಣನ ಬಾವಿ!" ಎಂದು ಕೊನೆಯ ಸಾಲನ್ನು ಒಂದೇ ಉಸಿರಿಗೆ ಓದಿ ಮುಗಿಸಿದಳು.

ಚಿಕ್ಕಬೈರಪ್ಪ ಕುಣಿದೇಬಿಟ್ಟ. "ನಮ್ದಲ್ಲ ಕಣ್ರಪ್ಪೋ! ಅದು ಅನುಮಂತರಾಯಪ್ಪ ಸೈಟು ಮಾಡಿ ಮಾರಿದ್ದ ಒಲ!" ಊರು ಜೀವ ಬಂದಂತೆ ಗಲಗಲ ಎಂದಿತು. ಹನುಮಂತರಾಯಪ್ಪ ಮಾತ್ರ ತನ್ನ ಚಪ್ಪಲಿಯ ಉಂಗುಷ್ಠವನ್ನು ಬಹಳ ಹೊತ್ತು ಸರಿಮಾಡಿಕೊಂಡ.

ಮೇಷ್ಟ್ರ ಕಣ್ಣಿಂದ ನೀರು ಧಾರಾಕಾರವಾಗಿ ಇಳಿಯಿತು. ಒರೆಸಿಕೊಳ್ಳಬೇಕೆಂದೂ ಅವರಿಗೆ ತೋಚಲಿಲ್ಲ.

"ನೋಡಿ, ನೋಡಿ!" ಎಂದು ಇನ್ಸ್‌ಪೆಕ್ಟರ್ ಎದ್ದು ನಿಂತರು. ಅವರ ಕಣ್ಣೂ ತೇವವಾಗಿತ್ತು. "ಒಂದು ಮಗು ಓದ್ತು ಅಂತ ಅಳೋ ಮೇಷ್ಟ್ರನ್ನ ನಾನು ಇವತ್ತೇ ನೋಡಿದ್ದು."

ಗಂಡಾಂತರ ಕಳೆದ ಖುಷಿಯಲ್ಲಿ ಜನ ಸಾಲುಗಟ್ಟಿ ಬಂದು ಚೀಟಿಗಳ ಮೇಲೆ ಹೆಬ್ಬೆಟ್ಟು ಒತ್ತಿದರು. ಚಿಕ್ಕಬೈರಪ್ಪ ತನ್ನದು ನಿನ್ನೆ ಮಸುಕಾಗಿತ್ತೆಂದು ಇನ್ನೊಮ್ಮೆ ಒತ್ತಿದ. ಮೂವತ್ತೆರಡಕ್ಕೆ ಮೂವತ್ತೆರಡು. ಇನ್ಸ್‌ಪೆಕ್ಟರ್ ಮೂವತ್ತೊಂದನ್ನು ಫೈಲಿಗೆ ಸೇರಿಸಿ, ನಾಗಲಕ್ಷ್ಮಿಯದನ್ನು ಮೇಷ್ಟ್ರ ಕೈಗಿತ್ತರು. "ಇದು ನಿಮ್ಮ ಹತ್ರಾನೇ ಇರಲಿ, ನೆನಪಿಗೆ. ಇನ್ನು ವರ್ಗದ ಮಾತೇ ಇಲ್ಲ ವೆಂಕಟಸುಬ್ಬಯ್ಯನವರೆ. ರಿಟೈರ್ ಆಗೋವರೆಗೂ ನಿಮ್ಮನ್ನ ಈ ಊರಿಂದ ಯಾರೂ ಅಲ್ಲಾಡಿಸದ ಹಾಗೆ ಬರೀತೀನಿ."

"ಅಂಗೇ ಬರೀರಿ ಸಾಮಿ" ಎಂದ ಹನುಮಂತರಾಯಪ್ಪ, ಈಗ ತಲೆಯೆತ್ತಿ. "ನಮ್ಮ ಗಿರಣಿ ಇಂದಿನ ರೂಮು ಇದ್ದೇ ಐತೆ. ನಾನೇನು ಅವ್ರನ್ನ ಬಿಡ್ಸಾಕಿಲ್ಲ."

ಮಧ್ಯಾಹ್ನ ಮೇಷ್ಟ್ರು ಮನೆ ಸೇರಿದಾಗ ಗಿರಣಿ ಗಡಗಡ ಎನ್ನುತ್ತಿತ್ತು. ಸೀತಾಲಕ್ಷ್ಮಿ ಮೊರದಲ್ಲಿ ಅಕ್ಕಿ ಆರಿಸುತ್ತಾ ಕೇಳಿದಳು: "ಸಹಿ ಎಲ್ಲ ಬಂತೇನ್ರೀ? ವರ್ಗ ತಪ್ತಾ?"

"ತಪ್ತು."

"ಅಬ್ಬ, ದೇವ್ರು ದೊಡ್ಡೋನು! ನಾಳೆ ಬರೀ ಚಿತ್ರಾನ್ನ ಬೇಡ, ಸೈಟಿಗೆ ಒಬ್ಬಟ್ಟೇ ಮಾಡ್ಕೊಂಡು ಹೋಗೋಣ."

ಮೇಷ್ಟ್ರು ಜೇಬಿನಿಂದ ಚೀಟಿ ತೆಗೆದರು. "ಇಲ್ಲಿ ಬಾ, ಕೂತ್ಕೋ. ಒಂದು ಓದ್ತೀನಿ, ಕೇಳಿಸ್ಕೋ."

"ಏನ್ರೀ ಇದು, ಮಕ್ಕಳ ಚೀಟಿ ನೀವ್ಯಾಕೆ ಓದ್ತೀರಿ?"

"ಮನೇಲಿ ಗಟ್ಟಿಯಾಗಿ ಓದ್ಬೇಕು ಅಂತ ನಾನೇ ಬರೆದಿದ್ದೀನಲ್ಲ" ಎಂದು ಮೇಷ್ಟ್ರು ಚೀಟಿಯನ್ನು ತಿರುಗಿಸಿ ಹಿಡಿದು, ಗಂಟಲು ಸರಿಮಾಡಿಕೊಂಡು ಓದಿದರು. "ಚಕ್ಕುಬಂದಿ. ಪೂರ್ವಕ್ಕೆ ಹಳ್ಳ..."

"ಪಶ್ಚಿಮಕ್ಕೆ ಹೊಂಗೆ ತೋಪು!" ಎಂದಳು ಸೀತಾಲಕ್ಷ್ಮಿ, ಮುಖ ತುಂಬ ನಗುತ್ತಾ.